ಪ್ರಚಾರದಿಂದ ಸಂವಹನದವರೆಗೆ: ವಿಲ್ಬರ್ ಶ್ರಾಮ್ ಅವರ ವಿದ್ವತ್ ಜೀವನ ಮತ್ತು ‘ಜಾನಪದ ಮಾಧ್ಯಮ’ದ ಪರಿಕಲ್ಪನೆ

ಜಾನಪದ ಕಲೆಗಳನ್ನು ಕುರಿತ ಬರಹಗಳಲ್ಲಿ ‘ಜಾನಪದ ಮಾಧ್ಯಮ’ ಎಂಬ ಮಾತು 1970ರ ದಶಕದಿಂದೀಚೆಗೆ ನೆಲೆಯೂರಿದೆ. ಲಾವಣಿ, ಗೀಗೀ ಪದ, ತೊಗಲುಗೊಂಬೆಯಾಟ, ಸಣ್ಣಾಟ, ಹರಿಕಥೆ ಮೊದಲಾದವು ಅಭಿವೃದ್ಧಿಯ ಸಂದೇಶವನ್ನು ಹಳ್ಳಿಗೆ ಮುಟ್ಟಿಸಲು ತಕ್ಕ ಸಾಧನಗಳು ಎಂಬ ವಿವರಣೆ ಪಠ್ಯಪುಸ್ತಕಗಳಲ್ಲಿಯೂ ಯೋಜನಾ ವರದಿಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಆದರೆ ಹಾಡನ್ನು ‘ಮಾಧ್ಯಮ’ವೆಂದೂ, ಹಾಡುಗಾರನನ್ನು ‘ಸಂವಹನಕಾರ’ನೆಂದೂ, ಕೇಳುವ ಜನರನ್ನು ‘ಗ್ರಾಹಕ’ರೆಂದೂ ಕರೆಯುವ ಈ ಪರಿಭಾಷೆ ಕಲಾವಿದರ ನಡುವೆ ಹುಟ್ಟಿದುದಲ್ಲ. ಅದರ ಮೂಲವನ್ನು ಹುಡುಕಿ ಹೊರಟರೆ ದಾರಿ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸರ್ಕಾರಿ ಕಚೇರಿಗಳನ್ನು ತಲುಪುತ್ತದೆ. ಆ ದಾರಿಯುದ್ದಕ್ಕೂ ಎದುರಾಗುವ ಮುಖ್ಯ ಹೆಸರು ವಿಲ್ಬರ್ ಶ್ರಾಮ್ (1907–1987) ಅವರದು. ಸಾಹಿತ್ಯದ ಪ್ರಾಧ್ಯಾಪಕರಾಗಿದ್ದು, ಯುದ್ಧಕಾಲದ ಪ್ರಚಾರ ಕಾರ್ಯದಲ್ಲಿ ತೊಡಗಿ, ಆ ಅನುಭವದಿಂದ ‘ಸಂವಹನ ಅಧ್ಯಯನ’ ಎಂಬ ವಿಶ್ವವಿದ್ಯಾಲಯ ಶಿಸ್ತನ್ನು ಕಟ್ಟಿದ ವಿದ್ವಾಂಸರು ಅವರು. ಅವರ ವಿದ್ವತ್ ಜೀವನದ ಹಂತಗಳನ್ನು ವಿವರಿಸಿ, ಆ ಶಿಸ್ತು ಜಾನಪದ ಅಧ್ಯಯನಕ್ಕೆ ದಾಟಿಸಿದ ಪ್ರಶ್ನೆ ಯಾವುದು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದವೊಂದರ ಸ್ಥಿತ್ಯಂತರ

‘ಪ್ರೊಪಗಾಂಡ’ ಎಂಬ ಪದ ಮೊದಲಿಗೆ ನಿಂದೆಯ ಪದವಾಗಿರಲಿಲ್ಲ. 1622ರಲ್ಲಿ ಪೋಪ್ ಹದಿನೈದನೆಯ ಗ್ರೆಗರಿ ಅವರು ಧರ್ಮಪ್ರಸಾರಕ್ಕೆಂದು ಸ್ಥಾಪಿಸಿದ ಮಂಡಳಿಯ ಹೆಸರಿನಲ್ಲಿ ಅದು ‘ಹರಡಬೇಕಾದುದು’ ಎಂಬ ಅರ್ಥದಲ್ಲಿ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ 1917ರಲ್ಲಿ ಜಾರ್ಜ್ ಕ್ರೀಲ್ ಅವರ ನೇತೃತ್ವದಲ್ಲಿ ಸಾರ್ವಜನಿಕ ಮಾಹಿತಿ ಸಮಿತಿಯನ್ನು ರಚಿಸಿತು. ಆ ಸಮಿತಿಯೂ ಯುರೋಪಿನ ಯುದ್ಧನಿರತ ಸರ್ಕಾರಗಳೂ ನಡೆಸಿದ ಪ್ರಚಾರದ ಉತ್ಪ್ರೇಕ್ಷೆಗಳು ಯುದ್ಧಾನಂತರ ಬಯಲಾದಾಗ ಆ ಪದಕ್ಕೆ ಕೆಟ್ಟ ಹೆಸರು ಬಂದಿತು. ಹೆರಾಲ್ಡ್ ಲ್ಯಾಸ್‌ವೆಲ್ ಅವರು ಯುದ್ಧಪ್ರಚಾರದ ತಂತ್ರಗಳನ್ನು ಕುರಿತ ತಮ್ಮ ಗ್ರಂಥವನ್ನು 1927ರಲ್ಲಿ ಪ್ರಕಟಿಸಿದರು. 1937ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಪ್ರಚಾರ ವಿಶ್ಲೇಷಣಾ ಸಂಸ್ಥೆ ಜನಸಾಮಾನ್ಯರಿಗೆ ಪ್ರಚಾರದ ಮರ್ಮವನ್ನು ತಿಳಿಸಿಕೊಡುವ ಕೆಲಸ ಮಾಡಿತು. ಅಂದರೆ 1930ರ ದಶಕದಲ್ಲಿ ಪ್ರಚಾರ ಸಂಶೋಧನೆಗೆ ಎರಡು ಮುಖಗಳಿದ್ದವು: ಪ್ರಚಾರವನ್ನು ಪರಿಣಾಮಕಾರಿಯಾಗಿ ಮಾಡುವುದು ಹೇಗೆ ಎಂಬುದು ಒಂದು, ಅದರಿಂದ ಪ್ರಜೆಗಳನ್ನು ಕಾಪಾಡುವುದು ಹೇಗೆ ಎಂಬುದು ಮತ್ತೊಂದು.

ಎರಡನೆಯ ಮಹಾಯುದ್ಧ ಈ ಎರಡನೆಯ ಮುಖವನ್ನು ಹಿನ್ನೆಲೆಗೆ ಸರಿಸಿತು. ಪ್ರಚಾರ ವಿಶ್ಲೇಷಣಾ ಸಂಸ್ಥೆ 1942ರಲ್ಲಿ ಮುಚ್ಚಿತು. ರಾಕ್‌ಫೆಲರ್ ಪ್ರತಿಷ್ಠಾನವು 1939–40ರಲ್ಲಿ ನಡೆಸಿದ ಗೋಷ್ಠಿಗಳಲ್ಲಿ ಲ್ಯಾಸ್‌ವೆಲ್, ಪಾಲ್ ಲಜಾರ್ಸ್‌ಫೆಲ್ಡ್ ಮುಂತಾದವರು ಸೇರಿ ಸಂಶೋಧನೆಯ ಚೌಕಟ್ಟನ್ನು ರೂಪಿಸಿದರು. ಯಾರು, ಏನನ್ನು, ಯಾವ ಮೂಲಕ, ಯಾರಿಗೆ, ಯಾವ ಪರಿಣಾಮದೊಡನೆ ಹೇಳುತ್ತಾರೆ ಎಂಬ, ಲ್ಯಾಸ್‌ವೆಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರದ ಹಿನ್ನೆಲೆ ಇಲ್ಲಿಯದೇ. ಈ ಚರ್ಚೆಗಳಲ್ಲಿ ‘ಪ್ರಚಾರ’ಕ್ಕೆ ಬದಲಾಗಿ ‘ಸಂವಹನ’ ಎಂಬ ಸೌಮ್ಯವಾದ ಪದ ಬಳಕೆಗೆ ಬಂದಿತು. ಪದ ಬದಲಾಯಿತು, ಕೇಳುವ ಪ್ರಶ್ನೆ ಬದಲಾಗಲಿಲ್ಲ. ಹೇಳುವವನ ಉದ್ದೇಶ ಕೇಳುವವನಲ್ಲಿ ಎಷ್ಟರಮಟ್ಟಿಗೆ ಈಡೇರಿತು ಎಂಬುದೇ ಅಳತೆಯಾಗಿ ಉಳಿಯಿತು. ಕರ್ನಾಟಕದಲ್ಲಿಯೂ ಇದಕ್ಕೆ ಸಮಾನವಾದ ಪಲ್ಲಟವೊಂದಿದೆ. ಹಿಂದೆ ‘ವಾರ್ತಾ ಮತ್ತು ಪ್ರಚಾರ ಇಲಾಖೆ’ ಎನಿಸಿಕೊಂಡಿದ್ದುದು ಮುಂದೆ ‘ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ’ ಆಯಿತು.

ಕಾವ್ಯ, ಲಯ ಮತ್ತು ಕಟ್ಟುಕಥೆ

ಶ್ರಾಮ್ ಅವರು 1907ರ ಆಗಸ್ಟ್ 5ರಂದು ಒಹಾಯೊ ಸಂಸ್ಥಾನದ ಮೇರಿಯೆಟ್ಟಾ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಬಂದ ತೀವ್ರವಾದ ಉಗ್ಗು ಅವರನ್ನು ಬಹುಕಾಲ ಕಾಡಿತು. ಶಾಲೆಯ ಪದವಿ ಸಮಾರಂಭದಲ್ಲಿ ಭಾಷಣ ಮಾಡಬೇಕಾಗಿದ್ದ ಅವರು ಅದಕ್ಕೆ ಬದಲು ಕೊಳಲು ನುಡಿಸಿದರೆಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ಮೇರಿಯೆಟ್ಟಾ ಕಾಲೇಜಿನಲ್ಲಿ ಇತಿಹಾಸ ಮತ್ತು ರಾಜ್ಯಶಾಸ್ತ್ರ ಓದಿ, ಹಾರ್ವರ್ಡ್‌ನಲ್ಲಿ 1930ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಬಳಿಕ ಅವರು ಅಯೋವಾ ವಿಶ್ವವಿದ್ಯಾಲಯಕ್ಕೆ ಬಂದರು. ಉಗ್ಗಿನ ಚಿಕಿತ್ಸೆಗೆ ಹೆಸರಾಗಿದ್ದ ಲೀ ಎಡ್ವರ್ಡ್ ಟ್ರಾವಿಸ್ ಅವರು ಅಲ್ಲಿದ್ದುದು ಈ ಆಯ್ಕೆಗೆ ಒಂದು ಕಾರಣ.

ಅಯೋವಾದಲ್ಲಿ 1932ರಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧದ ವಸು ಲಾಂಗ್‌ಫೆಲೊ ಕವಿಯ 1855ರ ಕಥನಕಾವ್ಯ ‘ಹಯಾವಥಾ’. ಜಾನಪದ ವಿದ್ವಾಂಸರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಹೆನ್ರಿ ಸ್ಕೂಲ್‌ಕ್ರಾಫ್ಟ್ ಅವರು ಓಜಿಬ್ವೆ ಬುಡಕಟ್ಟಿನವರಿಂದ ಸಂಗ್ರಹಿಸಿದ್ದ ಕಥೆಗಳನ್ನು ಆಧರಿಸಿ, ಫಿನ್ಲೆಂಡಿನ ‘ಕಲೇವಲ’ದ ಛಂದಸ್ಸನ್ನು ಅನುಸರಿಸಿ ರಚಿತವಾದ ಕಾವ್ಯವದು. ಅದರ ನಾಯಕನ ಹೆಸರು ಮಾತ್ರ ಬೇರೊಂದು ಜನಾಂಗವಾದ ಇರಾಕ್ವಾಗಳ ಪರಂಪರೆಯದು. ಒಂದು ಸಮುದಾಯದ ಕಥೆ, ಇನ್ನೊಂದು ದೇಶದ ಲಯ, ಮತ್ತೊಂದು ಜನರ ನಾಯಕನ ಹೆಸರು ಇವು ಮೂರನ್ನೂ ನಗರದ ಕವಿಯೊಬ್ಬ ಬೆಸೆದ ಕೃತಿಯನ್ನು ಓದುವ ಮೂಲಕ ಶ್ರಾಮ್ ಅವರ ಸಂಶೋಧನೆ ಆರಂಭವಾಯಿತು. ಕಥೆ ತನ್ನ ಸಮುದಾಯದಿಂದ ಹೊರಬಂದಾಗ ಏನಾಗುತ್ತದೆ ಎಂಬ ಪ್ರಶ್ನೆ ಆ ವಸ್ತುವಿನಲ್ಲಿಯೇ ಅಡಗಿತ್ತು.

ಅನಂತರದ ಎರಡು ವರ್ಷ ಅವರು ಸಂಗೀತದ ಮನೋವಿಜ್ಞಾನಕ್ಕೆ ಹೆಸರಾಗಿದ್ದ ಕಾರ್ಲ್ ಸೀಶೋರ್ ಅವರ ಬಳಿ ಪ್ರಯೋಗಶಾಲೆಯ ಅಧ್ಯಯನ ನಡೆಸಿದರು. ಕವಿತೆಯನ್ನು ಗಟ್ಟಿಯಾಗಿ ಓದುವಾಗ ಲಯ, ಕಾಲ ಮತ್ತು ಒತ್ತು ಹೇಗೆ ಏರಿಳಿಯುತ್ತವೆ ಎಂಬುದನ್ನು ಉಪಕರಣಗಳಿಂದ ಅಳೆದು 1935ರಲ್ಲಿ ಪ್ರಕಟಿಸಿದರು. ಅದೇ ದಶಕದಲ್ಲಿ ಅಯೋವಾದ ಪ್ರಸಿದ್ಧ ಲೇಖಕರ ಕಮ್ಮಟದ ಮೊದಲ ನಿರ್ದೇಶಕರಾದರು. ಸಾಹಿತ್ಯ ಪತ್ರಿಕೆಯೊಂದನ್ನು ಸಂಪಾದಿಸಿದರು. ಹುಲ್ಲುಗಾವಲಿನ ಬಯಲಿನಲ್ಲಿ ಬಂಡಿಗೆ ಹಾಯಿ ಕಟ್ಟಿ ಓಡಿಸಿದ ‘ವಿಂಡ್‌ವ್ಯಾಗನ್ ಸ್ಮಿತ್’ ಎಂಬ ಜನಪದ ಕಟ್ಟುಕಥೆಯ ನಾಯಕನನ್ನು ಆಧರಿಸಿ ಅವರು ಬರೆದ ಕಥೆಗೆ 1942ರಲ್ಲಿ ಓ. ಹೆನ್ರಿ ಬಹುಮಾನಗಳಲ್ಲೊಂದು ದೊರೆಯಿತು. ಹೀಗೆ 34ನೆಯ ವಯಸ್ಸಿನವರೆಗೆ ಶ್ರಾಮ್ ಅವರ ಆಸಕ್ತಿ ಮಾತಿನ ಲಯದಲ್ಲಿ, ಹೇಳುವ ಕಲೆಯಲ್ಲಿ, ಕೇಳುವವರ ಅನುಭವದಲ್ಲಿ ನೆಲೆಸಿತ್ತು.

ವಾಷಿಂಗ್ಟನ್‌ನ ಹದಿನೈದು ತಿಂಗಳು

1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಬೆನ್ನಲ್ಲೇ ಶ್ರಾಮ್ ಅವರು ಕವಿ ಆರ್ಚಿಬಾಲ್ಡ್ ಮೆಕ್ಲೀಷ್ ಅವರಿಗೆ ತಮ್ಮ ಸೇವೆಯನ್ನು ಒಪ್ಪಿಸಿ ಪತ್ರ ಬರೆದರು. ಮೆಕ್ಲೀಷ್ ಅವರು ಆಗ ಅಮೆರಿಕದ ಸಂಸತ್ ಗ್ರಂಥಾಲಯದ ಮುಖ್ಯಸ್ಥರಾಗಿದ್ದು, ಆ ವರ್ಷವೇ ಸ್ಥಾಪನೆಯಾದ ವಾಸ್ತವಾಂಶ ಮತ್ತು ಅಂಕಿಅಂಶಗಳ ಕಚೇರಿಯ ನಿರ್ದೇಶಕರೂ ಆಗಿದ್ದರು. ಕಚೇರಿಯ ಹೆಸರೇ ಸೂಚಿಸುವಂತೆ, ‘ನಾವು ಪ್ರಚಾರ ಮಾಡುವುದಿಲ್ಲ, ಸಂಗತಿಗಳನ್ನು ಮುಂದಿಡುತ್ತೇವೆ’ ಎಂಬುದು ಅದರ ನಿಲುವು. ಶ್ರಾಮ್ ಅಲ್ಲಿ ಶಿಕ್ಷಣ ವಿಭಾಗದ ನಿರ್ದೇಶಕರಾದರು. 1942ರ ಜೂನ್‌ನಲ್ಲಿ ಈ ಕಚೇರಿ ಹೊಸದಾಗಿ ರಚನೆಯಾದ ಯುದ್ಧ ಮಾಹಿತಿ ಕಚೇರಿಯಲ್ಲಿ ವಿಲೀನವಾಯಿತು. ಶ್ರಾಮ್ ಅವರ ವಾಷಿಂಗ್ಟನ್ ವಾಸ ಒಟ್ಟು ಸುಮಾರು 15 ತಿಂಗಳು.

ಈ ಅಲ್ಪಾವಧಿಯೇ ಅವರ ಮುಂದಿನ ನಾಲ್ಕು ದಶಕಗಳನ್ನು ನಿರ್ಧರಿಸಿತು. ಯುದ್ಧದ ಅಗತ್ಯ ನಾನಾ ಶಾಸ್ತ್ರಗಳ ವಿದ್ವಾಂಸರನ್ನು ಒಂದೇ ಕೆಲಸಕ್ಕೆ ಹಚ್ಚಿತ್ತು. ಲ್ಯಾಸ್‌ವೆಲ್ ಅವರು ಸಂಸತ್ ಗ್ರಂಥಾಲಯದಲ್ಲಿ ವಿವಿಧ ದೇಶಗಳ ಪತ್ರಿಕೆ ಮತ್ತು ಪ್ರಚಾರ ಸಾಹಿತ್ಯದ ಆಶಯ ವಿಶ್ಲೇಷಣೆ ನಡೆಸುತ್ತಿದ್ದರು. ಕಾರ್ಲ್ ಹಾವ್ಲಂಡ್ ಅವರು ಸೈನಿಕರಿಗೆ ತೋರಿಸುವ ಚಲನಚಿತ್ರಗಳ ಪರಿಣಾಮವನ್ನು ಅಳೆಯುತ್ತಿದ್ದರು. ಅಯೋವಾದಲ್ಲಿ ಶ್ರಾಮ್ ಅವರ ಸಹೋದ್ಯೋಗಿಯಾಗಿದ್ದ ಕರ್ಟ್ ಲೆವಿನ್ ಅವರು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಕಾರ್ಯದರ್ಶಿಯಾಗಿದ್ದ ಆಹಾರಾಭ್ಯಾಸ ಸಮಿತಿಗಾಗಿ ಪ್ರಯೋಗಗಳನ್ನು ನಡೆಸಿದರು. ಮಾಂಸದ ಅಭಾವವಿದ್ದಾಗ ಪ್ರಾಣಿಗಳ ಒಳಾಂಗಗಳನ್ನು ಅಡುಗೆಗೆ ಬಳಸುವಂತೆ ಗೃಹಿಣಿಯರನ್ನು ಒಪ್ಪಿಸುವುದು ಆ ಪ್ರಯೋಗದ ಗುರಿ. ಉಪನ್ಯಾಸ ಕೇಳಿದವರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಬಳಸಿದರೆ, ತಮ್ಮತಮ್ಮೊಳಗೆ ಚರ್ಚಿಸಿ ತೀರ್ಮಾನಿಸಿದವರಲ್ಲಿ ಶೇ. 32ರಷ್ಟು ಮಂದಿ ಬಳಸಿದರು. ಗುಂಪಿನ ಚರ್ಚೆ ಮನವೊಲಿಕೆಯ ಸಾಧನವಾಗಬಲ್ಲದು ಎಂಬ ಈ ಅರಿವು ಮುಂದೆ ಭಾರತದ ಹಳ್ಳಿಗಳಲ್ಲಿ ನಡೆದ ಪ್ರಯೋಗಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

ಯುದ್ಧ ಮಾಹಿತಿ ಕಚೇರಿಯ ಒಳಗೇ ಭಿನ್ನಾಭಿಪ್ರಾಯವಿದ್ದಿತು. 1943ರ ಏಪ್ರಿಲ್‌ನಲ್ಲಿ ಅಲ್ಲಿನ ಹಲವು ಲೇಖಕರು, ಜಾಹೀರಾತು ಕ್ಷೇತ್ರದವರ ಹಿಡಿತವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಜನರಿಗೆ ಯುದ್ಧವನ್ನು ವಿವರಿಸಬೇಕೇ, ಮಾರಬೇಕೇ ಎಂಬುದು ಅವರ ಆಕ್ಷೇಪದ ತಿರುಳು. ಫ್ಯಾಸಿಸ್ಟ್ ಶಕ್ತಿಗಳ ವಿರುದ್ಧ ನಿಂತಿದ್ದ ಆ ಗಳಿಗೆಯಲ್ಲಿ ವಿದ್ವಾಂಸರು ಸರ್ಕಾರದ ಕೆಲಸಕ್ಕೆ ಹೋದುದು ಸಹಜವೇ. ಆದರೆ ಯುದ್ಧ ಮುಗಿದ ಬಳಿಕವೂ ಯುದ್ಧಕಾಲದ ಪ್ರಶ್ನೆಯೇ ಶಾಸ್ತ್ರದ ಪ್ರಶ್ನೆಯಾಗಿ ಮುಂದುವರಿದುದು ಚರ್ಚಾರ್ಹ.

ಹೊಸ ಶಿಸ್ತಿನ ನಿರ್ಮಾಣ

1943ರಲ್ಲಿ ಅಯೋವಾಕ್ಕೆ ಮರಳಿದ ಶ್ರಾಮ್ ಅವರು ಪತ್ರಿಕೋದ್ಯಮ ಶಾಲೆಯ ನಿರ್ದೇಶಕರಾಗಿ, ಅಲ್ಲಿ ಸಮೂಹ ಸಂವಹನದಲ್ಲಿ ಡಾಕ್ಟರೇಟ್ ಅಧ್ಯಯನಕ್ಕೆ ತಳಹದಿ ಹಾಕಿದರು. ಸುದ್ದಿ ಬರೆಯುವುದನ್ನು ಕಲಿಸುವ ಶಾಲೆಯಲ್ಲಿ ಮನೋವಿಜ್ಞಾನ, ಸಮಾಜವಿಜ್ಞಾನ, ಸಂಖ್ಯಾಶಾಸ್ತ್ರಗಳಿಗೆ ಸ್ಥಾನ ದೊರೆಯಿತು. 1947ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋಗಿ ಸಂವಹನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1955ರಿಂದ 1973ರವರೆಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಅಂತಹುದೇ ಸಂಸ್ಥೆಯನ್ನು ಬೆಳೆಸಿದರು. ಇಲ್ಲಿ ತರಬೇತಾದವರು ಮುಂದೆ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳ ಹೊಣೆ ಹೊತ್ತರು.

ಇಲಿನಾಯ್ ವಿಶ್ವವಿದ್ಯಾಲಯದ ಪ್ರಕಟಣ ವಿಭಾಗವೇ 1949ರಲ್ಲಿ ಕ್ಲಾಡ್ ಶಾನನ್ ಅವರ ಸಂವಹನದ ಗಣಿತ ಸಿದ್ಧಾಂತವನ್ನು ವಾರನ್ ವೀವರ್ ಅವರ ವಿವರಣೆಯೊಡನೆ ಗ್ರಂಥರೂಪದಲ್ಲಿ ತಂದಿತು. ಮೂಲ, ಸಂಕೇತ, ವಾಹಕ, ಗ್ರಾಹಕ, ಅಡಚಣೆ ಎಂಬ ಪರಿಭಾಷೆ ದೂರವಾಣಿ ತಂತಿಯ ಸಮಸ್ಯೆಯಿಂದ ಹುಟ್ಟಿದುದು. ಅದನ್ನು ಶ್ರಾಮ್ ಅವರು ಮನುಷ್ಯರ ಮಾತಿಗೆ ಅನ್ವಯಿಸಿದರು. ಇದಕ್ಕೆ ಅವರು ಸೇರಿಸಿದ ಅಂಶವೂ ಮುಖ್ಯವಾದುದು. ಹೇಳುವವನ ಅನುಭವ ವಲಯ ಮತ್ತು ಕೇಳುವವನ ಅನುಭವ ವಲಯಗಳು ಎಲ್ಲಿ ಒಂದನ್ನೊಂದು ಕೂಡುತ್ತವೆಯೋ ಅಲ್ಲಿ ಮಾತ್ರ ಅರ್ಥ ಸಾಧ್ಯ ಎಂದು ಅವರು ವಿವರಿಸಿದರು. ಚಾರ್ಲ್ಸ್ ಆಸ್‌ಗುಡ್ ಅವರ ವಿಚಾರವನ್ನು ಬಳಸಿಕೊಂಡು, ಇಬ್ಬರೂ ಹೇಳುವವರೂ ಕೇಳುವವರೂ ಆಗಿರುವ ಚಕ್ರಾಕಾರದ ಮಾದರಿಯನ್ನು ರೂಪಿಸಿದರು. ತಂತಿಯ ಪರಿಭಾಷೆಯೊಳಗೆ ಹಂಚಿಕೊಳ್ಳುವಿಕೆಯ ಕಲ್ಪನೆಯನ್ನು ತಂದುದರಲ್ಲಿ ಹಳೆಯ ಸಾಹಿತ್ಯದ ಮೇಷ್ಟ್ರನ್ನು ಕಾಣಬಹುದು.

ಆದರೆ ಈ ವಿವರಣೆ ಪ್ರಕಟವಾದ ಸಂದರ್ಭವೇ ಬೇರೆ. 1954ರಲ್ಲಿ ಬಂದ, ಸಮೂಹ ಸಂವಹನದ ಪ್ರಕ್ರಿಯೆ ಮತ್ತು ಪರಿಣಾಮಗಳನ್ನು ಕುರಿತ ಅವರ ಪ್ರಸಿದ್ಧ ಸಂಕಲನವು ಮೂಲತಃ ಅಮೆರಿಕದ ಮಾಹಿತಿ ಸಂಸ್ಥೆಯ ಸಿಬ್ಬಂದಿಯ ತರಬೇತಿಗೆಂದು ಸಿದ್ಧಪಡಿಸಿದ ಸಾಮಗ್ರಿ. 1953ರಲ್ಲಿ ಸ್ಥಾಪನೆಯಾಗಿ 1999ರಲ್ಲಿ ರದ್ದಾದ ಆ ಸಂಸ್ಥೆ ಶೀತಲ ಸಮರದ ಕಾಲದಲ್ಲಿ ಹೊರದೇಶಗಳಲ್ಲಿ ಅಮೆರಿಕದ ಪರವಾದ ಅಭಿಪ್ರಾಯವನ್ನು ರೂಪಿಸಲು ದುಡಿಯಿತು. ಸರ್ಕಾರಿ ಪ್ರಚಾರಕರ ಕೈಪಿಡಿಯಾಗಬೇಕಿದ್ದುದು ಹೀಗೆ ವಿದ್ಯಾರ್ಥಿಗಳ ಪಠ್ಯವಾಯಿತು.

ಸೋಲ್ ನಗರದ ಅಧ್ಯಯನ

ಕೊರಿಯಾ ಯುದ್ಧದಲ್ಲಿ ಉತ್ತರದ ಸೇನೆ 1950ರ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೋಲ್ ನಗರವನ್ನು ವಶದಲ್ಲಿಟ್ಟುಕೊಂಡಿತ್ತು. ನಗರ ಮರಳಿ ಕೈವಶವಾದ ಬಳಿಕ ಅಮೆರಿಕದ ವಾಯುಸೇನೆ ಕಳುಹಿಸಿದ ಸಂಶೋಧಕರ ತಂಡದಲ್ಲಿ ಶ್ರಾಮ್ ಅವರೂ ಇದ್ದರು. ಆ ಮೂರು ತಿಂಗಳು ಅನುಭವಿಸಿದ ನಿವಾಸಿಗಳ ಹೇಳಿಕೆಗಳನ್ನು ಕಲೆಹಾಕಿ, ಸಮಾಜವಿಜ್ಞಾನಿ ಜಾನ್ ರೈಲಿ ಅವರೊಡನೆ ಬರೆದ ಗ್ರಂಥ 1951ರಲ್ಲಿ ಪ್ರಕಟವಾಯಿತು. ಆಕ್ರಮಿಸಿದ ನಗರದಲ್ಲಿ ಪತ್ರಿಕೆ, ರೇಡಿಯೊ, ಸಭೆ, ಶಾಲೆಗಳನ್ನೆಲ್ಲ ಒಂದೇ ಸಂದೇಶಕ್ಕೆ ಹೇಗೆ ಹೂಡಲಾಯಿತು ಎಂಬುದರ ವರ್ಣನೆ ಅದರಲ್ಲಿದೆ.

ಕ್ಷೇತ್ರಕಾರ್ಯ ಮಾಡುವವರಿಗೆ ಈ ಕೃತಿ ಕ್ಲಿಷ್ಟವಾದ ಪ್ರಶ್ನೆಯನ್ನು ಎತ್ತುತ್ತದೆ. ಜನರ ಬಾಯಿಂದ ಅವರ ಕಷ್ಟವನ್ನು ಕೇಳಿ ದಾಖಲಿಸಿದ ಅಪರೂಪದ ಮೌಖಿಕ ಸಾಮಗ್ರಿ ಅಲ್ಲಿದೆ, ಅದರ ಬೆಲೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೇಳಿದವರು ಯುದ್ಧದಲ್ಲಿ ಒಂದು ಪಕ್ಷದವರು, ಕೇಳಿಸಿದ್ದು ಆ ಪಕ್ಷದ ಸೇನೆ. ಎದುರಾಳಿಯ ಪ್ರಚಾರವನ್ನು ವರ್ಣಿಸಿದ ಗ್ರಂಥ ತಾನೂ ಪ್ರಚಾರಕ್ಕೆ ಒದಗಿತು. 1956ರಲ್ಲಿ ಸೀಬರ್ಟ್ ಮತ್ತು ಪೀಟರ್‌ಸನ್ ಅವರೊಡನೆ ಪ್ರಕಟಿಸಿದ, ಪತ್ರಿಕಾ ವ್ಯವಸ್ಥೆಯ ನಾಲ್ಕು ಸಿದ್ಧಾಂತಗಳ ಗ್ರಂಥದಲ್ಲಿ ಸೋವಿಯತ್ ಸಿದ್ಧಾಂತದ ಅಧ್ಯಾಯ ಶ್ರಾಮ್ ಅವರದು. ಕನ್ನಡದ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೂ ಚಿರಪರಿಚಿತವಾದ ಈ ವರ್ಗೀಕರಣ ಶೀತಲ ಸಮರದ ಕನ್ನಡಕದಿಂದ ಜಗತ್ತನ್ನು ನೋಡಿದೆ ಎಂಬ ವಿಮರ್ಶೆ 1995ರಲ್ಲಿ ಇಲಿನಾಯ್‌ನ ವಿದ್ವಾಂಸರಿಂದಲೇ ಬಂದಿತು. ಕ್ರಿಸ್ಟೋಫರ್ ಸಿಂಪ್ಸನ್ ಅವರು 1994ರಲ್ಲಿ, ಟಿಮತಿ ಗ್ಲಾಂಡರ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನಗಳು, ಯುದ್ಧಾನಂತರದ ಸಂವಹನ ಸಂಶೋಧನೆ ಸೇನೆ ಮತ್ತು ಸರ್ಕಾರಿ ಸಂಸ್ಥೆಗಳ ಹಣಕಾಸಿನ ಆಶ್ರಯದಲ್ಲಿ ಬೆಳೆದುದನ್ನು ವಿವರಿಸಿವೆ. ಹಣ ಕೊಟ್ಟವರು ಫಲಿತಾಂಶವನ್ನು ಬರೆಸಿದರು ಎಂಬುದಕ್ಕಿಂತ, ಯಾವ ಪ್ರಶ್ನೆ ಕೇಳಲು ಯೋಗ್ಯ ಎಂಬುದನ್ನು ಆ ಆಶ್ರಯ ನಿರ್ಧರಿಸಿತು ಎಂಬುದೇ ಈ ವಿಮರ್ಶೆಯಿಂದ ಗ್ರಹಿಸಬೇಕಾದ ಮುಖ್ಯಾಂಶ.

ಅಭಿವೃದ್ಧಿಯ ಪರಿಭಾಷೆ ಮತ್ತು ಭಾರತ

1960ರ ದಶಕದಲ್ಲಿ ಅದೇ ಸಲಕರಣೆಗಳು ಹೊಸ ಕ್ಷೇತ್ರಕ್ಕೆ ಸಂದವು. ಸ್ವತಂತ್ರವಾದ ಏಷ್ಯಾ, ಆಫ್ರಿಕಾದ ದೇಶಗಳಲ್ಲಿ ಕೃಷಿ, ಆರೋಗ್ಯ, ಸಾಕ್ಷರತೆಗಳ ಮಾಹಿತಿಯನ್ನು ವೇಗವಾಗಿ ಹಬ್ಬಿಸಬೇಕೆಂಬುದು ಯುನೆಸ್ಕೊದ ಕಾಳಜಿಯಾಗಿತ್ತು. ಶ್ರಾಮ್ ಅವರು ಯುನೆಸ್ಕೊಗಾಗಿ ಬರೆದ, ಸಮೂಹ ಮಾಧ್ಯಮ ಮತ್ತು ರಾಷ್ಟ್ರೀಯ ಅಭಿವೃದ್ಧಿಯನ್ನು ಕುರಿತ ಗ್ರಂಥ 1964ರಲ್ಲಿ ಹೊರಬಂದಿತು. ಪ್ರತಿ 100 ಜನರಿಗೆ ಕನಿಷ್ಠ 10 ದಿನಪತ್ರಿಕೆಯ ಪ್ರತಿಗಳು, 5 ರೇಡಿಯೊಗಳು, 2 ಸಿನಿಮಾ ಆಸನಗಳು, 2 ಟೆಲಿವಿಷನ್‌ಗಳು ಇರಬೇಕೆಂಬ ಯುನೆಸ್ಕೊದ ಮಾನದಂಡ ಆ ಕಾಲದ ಚಿಂತನೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮಾಧ್ಯಮ ಹೆಚ್ಚಿದರೆ ಮನೋಧರ್ಮ ಬದಲಾಗುತ್ತದೆ, ಮನೋಧರ್ಮ ಬದಲಾದರೆ ದೇಶ ಮುಂದುವರಿಯುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಸಂಜೆಯ ಹೊತ್ತು ಊರ ಕಟ್ಟೆಯಲ್ಲಿ ನಡೆಯುವ ಕಥನ, ಜಾತ್ರೆಯ ಆಟ, ಬೀಸುವಾಗಿನ ಹಾಡು ಈ ಎಣಿಕೆಯೊಳಗೆ ಬರಲಿಲ್ಲ.

ಭಾರತದಲ್ಲಿ ಇಂತಹ ಚಿಂತನೆಗೆ ಭೂಮಿ ಹದವಾಗಿತ್ತು. 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ ಮರಾಠಿ ಮಾತಾಡುವ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೊ ವೇದಿಕೆಗಳನ್ನು ನಡೆಸಿತು. ಕಾರ್ಯಕ್ರಮ ಕೇಳಿ, ಚರ್ಚಿಸಿ, ಕಾರ್ಯಪ್ರವೃತ್ತರಾಗುವುದು ಅದರ ಕ್ರಮ. ಕೆನಡಾದ ರೈತರ ವೇದಿಕೆಗಳು ಇದಕ್ಕೆ ಮೇಲ್ಪಂಕ್ತಿ. ಗುಂಪಿನ ತೀರ್ಮಾನವನ್ನು ಕುರಿತ ಲೆವಿನ್ ಅವರ ಅರಿವೂ ಇದೇ ಬಗೆಯದು. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಭಾರತಕ್ಕೆ ಬಂದ ಸಂವಹನ ತಜ್ಞರ ತಂಡದಲ್ಲಿ ಶ್ರಾಮ್ ಅವರೂ ಇದ್ದರು. ಅಂತಹ ತಜ್ಞರ ಶಿಫಾರಸಿನ ಮೇರೆಗೆ 1965ರ ಆಗಸ್ಟ್ 17ರಂದು ದೆಹಲಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಷನ್ ಆರಂಭವಾಯಿತು. 1968ರಲ್ಲಿ ಅವರು ಲೈಲ್ ನೆಲ್ಸನ್ ಅವರೊಡನೆ ಶಿಕ್ಷಣಕ್ಕೂ ಅಭಿವೃದ್ಧಿಗೂ ಉಪಗ್ರಹದ ಬಳಕೆಯನ್ನು ಭಾರತದ ಸಂದರ್ಭದಲ್ಲಿ ಪರಿಶೀಲಿಸಿದರು. ಭಾರತದ ವಿಜ್ಞಾನಿಗಳು ರೂಪಿಸಿದ ಉಪಗ್ರಹ ಟೆಲಿವಿಷನ್ ಪ್ರಯೋಗ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು.

ಜಾನಪದ ಕಲೆಗಳು ಈ ಚೌಕಟ್ಟಿನೊಳಗೆ ಬಂದುದು ಆ ಮೊದಲೇ. ಕೇಂದ್ರ ಸರ್ಕಾರದ ಗೀತ ಮತ್ತು ನಾಟಕ ವಿಭಾಗ 1954ರಲ್ಲಿ ಹುಟ್ಟಿ, 2017ರಲ್ಲಿ ಬೇರೊಂದು ಸಂಸ್ಥೆಯೊಳಗೆ ವಿಲೀನವಾಗುವವರೆಗೆ ಪ್ರದರ್ಶನ ಕಲೆಗಳನ್ನು ಯೋಜನಾ ಪ್ರಚಾರಕ್ಕೆ ಬಳಸಿತು. ಕುಟುಂಬ ಯೋಜನೆಯ ಸಂವಹನಕ್ಕಾಗಿ ಜಾನಪದ ಮಾಧ್ಯಮ ಮತ್ತು ಸಮೂಹ ಮಾಧ್ಯಮಗಳನ್ನು ಕೂಡಿಸಿ ಬಳಸುವ ಬಗ್ಗೆ 1972ರಲ್ಲಿ ಲಂಡನ್ನಿನಲ್ಲಿಯೂ 1974ರಲ್ಲಿ ದೆಹಲಿಯಲ್ಲಿಯೂ ಅಂತರರಾಷ್ಟ್ರೀಯ ಸಭೆಗಳು ನಡೆದವು. ಕನ್ನಡ ರಂಗಭೂಮಿಯ ಸಂಶೋಧಕರಾದ ಡಾ. ಎಚ್. ಕೆ. ರಂಗನಾಥ್ ಅವರು ಜಾನಪದ ಮಾಧ್ಯಮ ಮತ್ತು ಸಂವಹನವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1980ರಲ್ಲಿ ಪ್ರಕಟಿಸಿದರು. ಹೀಗೆ ಶ್ರಾಮ್ ಅವರ ಪೀಳಿಗೆ ಕಟ್ಟಿದ ಪರಿಭಾಷೆ ಜಾನಪದದ ಅಂಗಳಕ್ಕೆ ಬಂದು ನಿಂತಿತು.

ಪುನರಾಲೋಚನೆ

ಶ್ರಾಮ್ ಅವರ ಬರವಣಿಗೆ ಒಂದೇ ಕಡೆ ನಿಂತ ನೀರಾಗಲಿಲ್ಲ. ಡೊನಾಲ್ಡ್ ರಾಬರ್ಟ್ಸ್ ಅವರೊಡನೆ 1971ರಲ್ಲಿ ಪರಿಷ್ಕರಿಸಿದ ಸಂಕಲನದಲ್ಲಿ ಅವರು, ಸಂದೇಶವು ಗುಂಡಿನಂತೆ ಹೋಗಿ ಕೇಳುವವನಿಗೆ ನಾಟುತ್ತದೆ ಎಂಬ ಹಳೆಯ ಕಲ್ಪನೆಯನ್ನು ಬದಿಗಿಟ್ಟರು. ಕೇಳುವವನು ಚಟುವಟಿಕೆಯುಳ್ಳವನು, ಸಂವಹನವೆಂಬುದು ಒಬ್ಬರು ಇನ್ನೊಬ್ಬರ ಮೇಲೆ ನಡೆಸುವ ಕ್ರಿಯೆಯಲ್ಲ, ಅದು ಸಂಬಂಧ ಎಂಬ ನಿಲುವಿಗೆ ಬಂದರು. 1973ರಲ್ಲಿ ಹವಾಯಿಯ ಈಸ್ಟ್–ವೆಸ್ಟ್ ಸೆಂಟರ್‌ಗೆ ತೆರಳಿದ ಬಳಿಕ, ಡೇನಿಯಲ್ ಲರ್ನರ್ ಅವರೊಡನೆ 1976ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ಹಿಂದಿನ ಅಭಿವೃದ್ಧಿ ಮಾದರಿ ಕೊನೆಗೊಂಡಿತೇ ಎಂಬ ಪ್ರಶ್ನೆಯನ್ನು ತಾವೇ ಎತ್ತಿದರು. 1977ರ ಗ್ರಂಥದಲ್ಲಿ ದುಬಾರಿಯಾದ ದೊಡ್ಡ ಮಾಧ್ಯಮಗಳೇ ಮೇಲೆಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. 1987ರ ಡಿಸೆಂಬರ್ 27ರಂದು ನಿಧನರಾದ ಬಳಿಕ ಪ್ರಕಟವಾದ ಅವರ ಕೃತಿಯೊಂದು ಗುಹಾಚಿತ್ರಗಳಿಂದ ಮೊದಲಾಗಿ ಮನುಷ್ಯ ಸಂವಹನದ ಕಥೆಯನ್ನು ಹೇಳುತ್ತದೆ.

ಆದರೆ ಶಿಸ್ತನ್ನು ಕಟ್ಟಿದವರು ತಮ್ಮ ನಿಲುವನ್ನು ಬದಲಿಸಿದರೂ ಅದರ ಆಧಾರದ ಮೇಲೆ ಎದ್ದ ಇಲಾಖೆಗಳು, ಪಠ್ಯಕ್ರಮಗಳು, ಯೋಜನೆಗಳು ಅಷ್ಟು ಬೇಗ ಬದಲಾಗುವುದಿಲ್ಲ. ಸಂದೇಶ ಮೊದಲೇ ತೀರ್ಮಾನವಾಗಿರುತ್ತದೆ, ಅದನ್ನು ಸಾಗಿಸಲು ತಕ್ಕ ವಾಹನ ಹುಡುಕಬೇಕು ಎಂಬ ಕ್ರಮವೇ ಉಳಿಯಿತು.

ಜಾನಪದ ಅಧ್ಯಯನದ ಮುಂದಿರುವ ಪ್ರಶ್ನೆ

ಸಂವಹನದ ಕಲ್ಪನೆಯೇ ಜಾನಪದಕ್ಕೆ ಹೊರತಾದುದು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. 1971ರಲ್ಲಿ ಡ್ಯಾನ್ ಬೆನ್–ಅಮೋಸ್ ಅವರು ಜಾನಪದವನ್ನು ಚಿಕ್ಕ ಗುಂಪುಗಳೊಳಗಿನ ಕಲಾತ್ಮಕ ಸಂವಹನವೆಂದೇ ನಿರೂಪಿಸಿದರು. ಅಲ್ಲಿ ಸಂವಹನವೆಂದರೆ ಗುಂಪು ತನ್ನೊಳಗೆ ತಾನು ನಡೆಸುವ ವ್ಯವಹಾರ. ಹೇಳುವವರೂ ಕೇಳುವವರೂ ಒಂದೇ ಅನುಭವ ವಲಯದವರು. ಅಭಿವೃದ್ಧಿ ಸಂವಹನದಲ್ಲಿಯಾದರೋ ಸಂದೇಶ ಹೊರಗಿನಿಂದ ಬರುತ್ತದೆ, ಕಲೆ ಅದನ್ನು ಹೊರುತ್ತದೆ. ಒಂದೇ ಪದದ ಈ ಎರಡು ಅರ್ಥಗಳನ್ನು ಬೇರ್ಪಡಿಸದೆ ಬಳಸಿದ್ದೇ ‘ಜಾನಪದ ಮಾಧ್ಯಮ’ದ ಚರ್ಚೆಯಲ್ಲಿನ ಗೊಂದಲಕ್ಕೆ ಮೂಲ.

ಉತ್ತರ ಕರ್ನಾಟಕದ ಗೀಗೀ ಪದಗಳ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ದಪ್ಪು, ತುಂತುಣಿ, ತಾಳಗಳ ಹಿಮ್ಮೇಳದಲ್ಲಿ ಹಾಡುವ ಈ ಪರಂಪರೆಯ ಜೀವಾಳ ಹರದೇಶಿ–ನಾಗೇಶಿಗಳ ವಾದ. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ ಎದುರು ಮೇಳ ಹೆಣ್ಣು ಹೆಚ್ಚೆಂದು ಹಾಡುತ್ತದೆ. ಸವಾಲಿಗೆ ಜವಾಬು ಬರಲೇಬೇಕು. ಕೇಳಲು ಸೇರಿದ ಜನ ರಾತ್ರಿಯಿಡೀ ಎರಡೂ ಪಕ್ಷಗಳನ್ನು ತೂಗುತ್ತಾರೆ. ಯುದ್ಧಕಾಲದಲ್ಲಿ ಹಾವ್ಲಂಡ್ ಮತ್ತು ಅವರ ಸಂಗಡಿಗರು ವಿಷಯದ ಒಂದೇ ಪಕ್ಷವನ್ನು ಹೇಳಿದರೆ ಹೆಚ್ಚು ಪರಿಣಾಮವೋ, ಎರಡೂ ಪಕ್ಷಗಳನ್ನು ಹೇಳಿದರೆ ಹೆಚ್ಚು ಪರಿಣಾಮವೋ ಎಂದು ಪರೀಕ್ಷಿಸಿ, ಮೊದಲಿನಿಂದ ವಿರೋಧವಿದ್ದವರ ಮೇಲೂ ಹೆಚ್ಚು ಓದಿದವರ ಮೇಲೂ ಎರಡು ಪಕ್ಷಗಳ ನಿರೂಪಣೆ ಚೆನ್ನಾಗಿ ಕೆಲಸ ಮಾಡುತ್ತದೆಂದು ಕಂಡುಕೊಂಡರು. ಅವರಿಗೆ ಎದುರು ಪಕ್ಷವೆಂಬುದು ಮನವೊಲಿಕೆಯ ತಂತ್ರ. ಗೀಗೀ ಮೇಳಕ್ಕೆ ಎದುರು ಪಕ್ಷವಿಲ್ಲದೆ ಹಾಡೇ ಇಲ್ಲ. ಯೋಜನೆಯ ಸಂದೇಶವನ್ನು ಈ ಮಟ್ಟಿಗೆ ಕೂಡಿಸಿದಾಗ ಧಾಟಿ, ವಾದ್ಯ, ವೇಷ ಎಲ್ಲವೂ ಉಳಿಯಬಹುದು. ಉಳಿಯದಿರುವುದು ಎದುರು ಮೇಳದ ಹಕ್ಕು. ಅದು ವೇದಿಕೆಯ ಮೇಲಿದ್ದರೂ ಸೋಲುವುದಕ್ಕೆಂದೇ ನಿಂತಿರುತ್ತದೆ. ಏಕೆಂದರೆ ಸರ್ಕಾರದ ಸಂದೇಶಕ್ಕೆ ಜವಾಬು ಕೊಡುವ ಅವಕಾಶವನ್ನು ಆ ಪ್ರದರ್ಶನದ ವ್ಯವಸ್ಥೆಯೇ ಕೊಡುವುದಿಲ್ಲ.

ಇದು ಬರಿಯ ಸಿದ್ಧಾಂತದ ಮಾತಲ್ಲ. ಹಾಡುಗಾರನ ಮಾತಿಗೆ ಊರಿನಲ್ಲಿರುವ ಬೆಲೆಯೇ ಪ್ರಚಾರಕ್ಕೆ ಅವನನ್ನು ಆರಿಸಲು ಕಾರಣ. ಸಂದೇಶ ಜನರಿಗೆ ಹಿತವಾಗಿದ್ದಾಗ ಆ ಬೆಲೆ ಕುಂದುವುದಿಲ್ಲ; ಸಿಡುಬಿನ ಲಸಿಕೆಯ, ಸಾಕ್ಷರತೆಯ ಹಾಡುಗಳು ಜನರಿಗೆ ನೆರವಾಗಬಲ್ಲವು. ಆದರೆ 1975–77ರ ತುರ್ತು ಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಕುಟುಂಬ ಯೋಜನೆ ಬಲವಂತದ ಶಸ್ತ್ರಚಿಕಿತ್ಸೆಯಾಗಿ ಮಾರ್ಪಟ್ಟಂತಹ ಸಂದರ್ಭದಲ್ಲಿ, ಯೋಜನೆಯ ಪರವಾಗಿ ಹಾಡಿದವನು ತಾನು ಗಳಿಸಿದ ವಿಶ್ವಾಸವನ್ನೇ ಪಣಕ್ಕೆ ಒಡ್ಡಬೇಕಾಗುತ್ತದೆ. ಇಲಾಖೆಯ ವರದಿಯಲ್ಲಿ ಪ್ರದರ್ಶನಗಳ ಸಂಖ್ಯೆಗೂ ಪ್ರೇಕ್ಷಕರ ಸಂಖ್ಯೆಗೂ ಅಂಕಣವಿರಬಹುದು, ಹಾಡುಗಾರ ಕಳೆದುಕೊಂಡದ್ದನ್ನು ಬರೆಯುವ ಅಂಕಣವಿರುವುದಿಲ್ಲ.

ಶ್ರಾಮ್ ಅವರ ವಿದ್ವತ್ ಜೀವನದಿಂದ ಜಾನಪದ ಸಂಶೋಧಕರು ಎರಡು ಸಂಗತಿಗಳನ್ನು ಗ್ರಹಿಸಬಹುದು. ಸರ್ಕಾರದೊಡನೆ ಕೆಲಸ ಮಾಡಿದ ಮಾತ್ರಕ್ಕೆ ವಿದ್ವತ್ತು ಮಲಿನವಾಗುವುದಿಲ್ಲ. ಅನುಭವ ವಲಯ, ಚಕ್ರಾಕಾರದ ಸಂವಹನ ಮೊದಲಾದ ಅವರ ಕಲ್ಪನೆಗಳು ಪ್ರದರ್ಶನ ಕಲೆಗಳ ವಿವರಣೆಗೆ ಈಗಲೂ ಉಪಯುಕ್ತ. ಆದರೆ ಪ್ರಶ್ನೆಯನ್ನು ಯಾರು ಕೊಟ್ಟರು ಎಂಬುದನ್ನು ಮರೆತರೆ ಉತ್ತರಗಳೆಲ್ಲ ಅವರ ಕಡೆಗೇ ವಾಲುತ್ತವೆ. ಆದುದರಿಂದ ‘ಜಾನಪದ ಮಾಧ್ಯಮ’ವನ್ನು ಕುರಿತ ಅಧ್ಯಯನಗಳು, ಸಂದೇಶ ಎಷ್ಟು ಜನರಿಗೆ ಮುಟ್ಟಿತು ಎಂಬ ಎಣಿಕೆಯ ಜೊತೆಗೆ ಇನ್ನೂ ಮೂರು ವಿವರಗಳನ್ನು ದಾಖಲಿಸುವುದು ಅಗತ್ಯ: ಹಾಡನ್ನು ಕಟ್ಟಿದವರು ಯಾರು, ಕಲಾವಿದರಿಗೆ ಅದನ್ನು ತಿದ್ದುವ ಅಥವಾ ನಿರಾಕರಿಸುವ ಸ್ವಾತಂತ್ರ್ಯವಿದ್ದಿತೇ, ಕೇಳಿದವರು ಏನು ಜವಾಬು ಕೊಟ್ಟರು. ಈ ಮೂರನೆಯದನ್ನು ಕ್ಷೇತ್ರಕಾರ್ಯದಲ್ಲಿ ಕೇಳಿ ಬರೆದುಕೊಂಡಾಗ ಜಾನಪದ ಅಧ್ಯಯನವು ಪ್ರಚಾರ ಸಂಶೋಧನೆಯಿಂದ ಬೇರೆಯಾಗಿ ನಿಲ್ಲುತ್ತದೆ.